ಹೊರಗಿನ ಸ್ವಿಚ್ಚು

ಮಗಳು ರೇಸಿಗೆ ಹೋಗುತ್ತೇನೆ ಅಂದ ದಿನ ಮನೆಯಲ್ಲಿ ರಂಪ ಮಾಡಿದವರು ತಾಯಿ. "ಹೋಗ್ಲಿ ಬಿಡೇ, ಏನೋ ಆಸೆ ಪಡ್ತಾಳೆ" ಅಂದವರು ತಂದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಆದದ್ದನ್ನೆಲ್ಲ ಕೇಳಿದವರು ತಾಯಿಯನ್ನೇ ಅನುಮಾನಿಸುತ್ತಾರೆ, ಪಾಪ.

ತಾಯಿ ದೊಡ್ಡಾಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಬೀದಿಯವರೆಲ್ಲ ಕರೆಯುವುದು ನರ್ಸಮ್ಮ ಅಂತಲೇ. ಕಾಲು ಮುರಿದವರು, ಸೊಂಟ ಜಾರಿದವರು, ಗಾಡಿಯಿಂದ ಹಾರಿಬಿದ್ದು ಹಲ್ಲು ಉದುರಿಸಿಕೊಂಡವರು, ಇಂಥವರನ್ನು ಬೆಳಗಿನಿಂದ ಸಂಜೆವರೆಗೆ ಮಗ್ಗುಲು ಬದಲಿಸಿ ಮಲಗಿಸುವುದು ಅವರ ಕೆಲಸ. ಇಂಥ ತಾಯಿಯ ಮುಂದೆ ರೇಸು ಎಂಬ ಮಾತೆತ್ತಿದರೆ ಏನಾಗಬೇಕೋ ಅದೇ ಆಯಿತು. ತಟ್ಟೆ ಕುಕ್ಕಿದರು. ಮಗಳ ಜೊತೆ ಮಾತು ಬಿಟ್ಟರು. ಮಾತು ಬಿಟ್ಟಿದ್ದೇ ವಾಸಿ ಅನ್ನಿಸುವ ಹಾಗೆ ಮತ್ತೆ ಶುರು ಮಾಡಿದರು. ಯಾವ ಮೂಳೆ ಎಲ್ಲಿ ಮುರಿದರೆ ಎಷ್ಟು ಕಾಲ ಹಾಸಿಗೆ ಹಿಡಿಯಬೇಕು ಎಂಬುದನ್ನು ಊಟದ ಹೊತ್ತಿಗೇ ವಿವರಿಸತೊಡಗಿದರು.

ತಂದೆ ವೈರಿಂಗ್ ಮೇಸ್ತ್ರಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಶಟರ್ ಅಂಗಡಿ. ಗಾಡಿಯ ಒಳಗೆ ಕರೆಂಟು ಎಲ್ಲಿ ಹೊರಟು ಎಲ್ಲಿ ಕೈಕೊಟ್ಟಿದೆ ಅಂತ ಹುಡುಕುವುದರಲ್ಲಿ ಅವರದು ಎತ್ತಿದ ಕೈ. ಅದಕ್ಕಿಂತ ಹೆಚ್ಚಾಗಿ ಅವರ ಕೆಲಸದ ಅಂದಕ್ಕೆ ಹೆಸರು. ಯಾರೂ ಇಣುಕಿ ನೋಡದ ಜಾಗದಲ್ಲಿ ಕೂಡ ತಂತಿಗಳು ಜಡೆ ಹೆಣೆದಂತೆ ಹೋಗಬೇಕು, ಗೇಣಿಗೊಂದು ಕಟ್ಟು ಬೀಳಬೇಕು, ಕಟ್ಟಿನ ತುದಿಗಳೆಲ್ಲ ಒಂದೇ ಕಡೆ ಮುಖ ಮಾಡಬೇಕು. "ಯಾರು ನೋಡ್ತಾರೆ ಮೇಸ್ತ್ರಿ?" ಅಂದರೆ, "ನಾನು ನೋಡ್ತೀನಲ್ಲ" ಅನ್ನುವ ಪೈಕಿ.

ಇಷ್ಟೆಲ್ಲ ಬಲ್ಲವರಿಗೆ ಮಗಳ ಮುಂದೆ 'ಬೇಡ' ಅನ್ನಲು ಮಾತ್ರ ಬರುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗಿನಿಂದ ಆ ಮನೆಯಲ್ಲಿ 'ಬೇಡ' ಹೆಂಡತಿಯ ಇಲಾಖೆ, 'ಆಗಲಿ' ಗಂಡನ ಇಲಾಖೆ. ಐಸ್‌ಕ್ರೀಮಿಗೂ ಹಾಗೆ, ಸೈಕಲ್ಲಿಗೂ ಹಾಗೆ. ಹೆಂಡತಿ ಹೇಗೂ ತಡೆಯುತ್ತಾಳೆ ಎಂಬ ಧೈರ್ಯದ ಮೇಲೆ ಒಳ್ಳೆಯವನಾಗಿರುವುದು ಎಷ್ಟು ಸುಲಭ ನೋಡಿ! ಈ ಸಲವೂ ಮೇಸ್ತ್ರಿ ಹೆಂಡತಿಯೇ ಗೆಲ್ಲಲಿ ಅಂತ ಒಳಗೊಳಗೇ ಹಾರೈಸುತ್ತ, ಹೊರಗೆ ಮಗಳ ಪರವಾಗಿ ಜೋರಾಗಿಯೇ ವಾದಿಸಿದರು.

ಹೆಂಡತಿ ಈ ಸಲ ಕೈಚೆಲ್ಲಿದರು. ಬೈದು ಬೈದು ಸುಸ್ತಾಗಿ, ಒಂದು ಸಂಜೆ ಸೋಫಾದಲ್ಲಿ ಕೂತು ಕಾಲು ನೀವಿಕೊಳ್ಳುತ್ತ ಷರತ್ತು ಹಾಕಿದರು.

"ಹೊರಗೆ ನಿಂತಿರೋರು ಯಾರೇ ಆಗ್ಲಿ, ಕೈ ಹಾಕಿ ತಿರುಗಿಸಿದ್ರೆ ಗಾಡಿ ಗಪ್ ಅಂತ ನಿಂತುಬಿಡ್ಬೇಕು. ಅಂಥದ್ದೊಂದು ಸ್ವಿಚ್ಚು ಇರುತ್ತಂತಲ್ಲ, ವಾರ್ಡಲ್ಲಿ ಒಬ್ಬ ಹೇಳ್ತಿದ್ದ. ಅದನ್ನ ಹಾಕಿಸು. ನಿಮ್ಮಪ್ಪನೇ ಹಾಕ್ಬೇಕು. ಬೇರೆಯವರ ಕೈ ಕೆಲಸ ನಾನು ನಂಬಲ್ಲ."

"ಅದು ಇಲ್ದಿದ್ರೆ ಅಲ್ಲಿ ಒಳಗೇ ಬಿಡಲ್ಲಮ್ಮ," ಅಂತ ಮಗಳು ತಾಯಿಯ ಕೊರಳಿಗೆ ಜೋತುಬಿದ್ದಳು. "ಅಪ್ಪ ಹಾಕ್ತಾನೆ. ಅಲ್ವೇನಪ್ಪ?"

"ಹಾಕ್ದೆ ಇರ್ತೀನಾ?" ಅಂದರು ಮೇಸ್ತ್ರಿ.

ಮಗಳ ಕಸುಬು ಡ್ರೈವಿಂಗ್ ಶಾಲೆಯಲ್ಲಿ ಗಾಡಿ ಕಲಿಸುವುದು. ದಿನವಿಡೀ ನಡುಗುವ ಕೈಗಳ ಪಕ್ಕದಲ್ಲಿ ಕೂತು, "ಕ್ಲಚ್ ಬಿಡಿ, ಮೆತ್ತಗೆ, ಮೆತ್ತಗೆ ಅಂದೆ" ಅನ್ನುತ್ತ ಎತ್ತಿನಗಾಡಿಯ ವೇಗದಲ್ಲಿ ಊರು ಸುತ್ತುವುದು. ಶಾಲೆಯವರು ಹಳೆಯ ಕಲಿಕೆ ಗಾಡಿಯೊಂದನ್ನು ಮೂಲೆಗೆ ತಳ್ಳಿದಾಗ ಅದನ್ನೇ ಇವಳು ತಂದಳು. ಅರ್ಧ ಊರು ಸ್ಟೇರಿಂಗ್ ಹಿಡಿಯಲು ಕಲಿತ ಗಾಡಿ. ಹುಟ್ಟಿದಾಗಿನಿಂದ ಮೂರನೇ ಗೇರು ಕಂಡದ್ದೇ ಕಡಿಮೆ. ಅದಕ್ಕೆ ಇವಳು ರೇಸಿನ ಹುಚ್ಚು ಹಿಡಿಸಲು ಹೊರಟಿದ್ದಳು.

ಕಲಿಕೆ ಗಾಡಿ ಅಂದಮೇಲೆ ಕಲಿಸುವವರ ಕಾಲಿನ ಬಳಿ ಎರಡನೇ ಬ್ರೇಕು ಇರುತ್ತದೆ. ಅದನ್ನು ಕೂರಿಸಿದವರು ಮೇಸ್ತ್ರಿಯೇ. ಕಲಿಯುವವನು ಎಡವಟ್ಟು ಮಾಡಿದರೆ ಪಕ್ಕದಿಂದ ತುಳಿದು ಉಳಿಸಿಕೊಳ್ಳುವ ಬ್ರೇಕು. ಒಂದು ಮಧ್ಯಾಹ್ನ ಮಗಳು ಅಂಗಡಿಯ ಮುಂದೆ ಗಾಡಿಯೊಳಗೆ ತಲೆಕೆಳಗಾಗಿ ಮಲಗಿ ಅದರ ಬೋಲ್ಟುಗಳನ್ನು ಬಿಚ್ಚಿ, ಪೆಡಲನ್ನು ಕಿತ್ತು ಹೊರಗೆಸೆದಳು. "ಪಕ್ಕದಲ್ಲಿ ಯಾರೂ ಕೂರಲ್ವಲ್ಲಪ್ಪ, ಸುಮ್ನೆ ಭಾರ" ಅಂದಳು. ಪೆಡಲು ಠಣ್ಣೆಂದು ಕಾಂಕ್ರೀಟಿನ ಮೇಲೆ ಬಿದ್ದು ಮೇಸ್ತ್ರಿಯ ಚಪ್ಪಲಿಯ ಹತ್ತಿರ ಬಂದು ನಿಂತಿತು. ಅವರು ಅದನ್ನು ಎತ್ತಿಕೊಂಡರು. ರಬ್ಬರು ಸವೆದು ನುಣ್ಣಗಾಗಿತ್ತು. ಎಷ್ಟು ಸಲ ತುಳಿದಿರಬೇಕು ಇವಳು! ಅದನ್ನು ಗುಜರಿ ಡಬ್ಬಕ್ಕೆ ಹಾಕಲು ಮನಸ್ಸು ಬರದೆ ಮೇಜಿನ ಮೇಲಿಟ್ಟರು. ಆ ಸಂಜೆಯಿಂದಲೇ ಅವರ ತಲೆಯೊಳಗೆ ಹುಳು ಹೊಕ್ಕಿತು.

ಆ ಹುಳುವಿನ ಗುಣ ತಿಳಿಯಬೇಕಾದರೆ ಸ್ವಿಚ್ಚಿನ ಗುಣ ತಿಳಿಯಬೇಕು. ಗಾಡಿ ಸ್ಟಾರ್ಟ್ ಆಗುವವರೆಗೆ ಬ್ಯಾಟರಿ ಬೇಕು. ಎಂಜಿನ್ ತಿರುಗತೊಡಗಿದ ಮೇಲೆ ಡೈನಮೊ ತಾನೇ ಕರೆಂಟು ಹುಟ್ಟಿಸುತ್ತದೆ. ಬ್ಯಾಟರಿಯನ್ನು ಕಿತ್ತು ಬಿಸಾಕಿದರೂ ಎಂಜಿನ್ನಿಗೆ ಅದರ ಪರಿವೆ ಇರುವುದಿಲ್ಲ. ಹಾಗಾಗಿ ರೇಸ್ ಗಾಡಿಯ ಸ್ವಿಚ್ಚು ಬ್ಯಾಟರಿಯೊಂದನ್ನು ಕಡಿದರೆ ಸಾಲದು, ಎಂಜಿನ್ನಿಗೆ ಕಿಡಿ ಕೊಡುವ ತಂತಿಯನ್ನೂ ಕಡಿಯಬೇಕು. ಅದಕ್ಕೇ ಅದರ ಬೆನ್ನಿಗೆ ಎರಡು ದಪ್ಪ ಬೋಲ್ಟು, ನಾಲ್ಕು ಸಣ್ಣ ಪಿನ್ನು. ದಪ್ಪದ್ದು ಬ್ಯಾಟರಿಗೆ. ಸಣ್ಣದರಲ್ಲಿ ಒಂದು ಜೋಡಿ ಕಿಡಿಯ ತಂತಿಗೆ. ಇನ್ನೊಂದು ಜೋಡಿ, ಡೈನಮೊದಲ್ಲಿ ಉಳಿದ ಕರೆಂಟು ಇಳಿದುಹೋಗಲಿ ಅಂತ, ಬೆರಳುದ್ದದ ಒಂದು ರೆಸಿಸ್ಟರ್ ಮೂಲಕ ಗಾಡಿಯ ಮೈಗೆ. ಸ್ವಿಚ್ಚನ್ನು ಮುಂದಿನ ಗಾಜಿನ ಕೆಳಗೆ, ಹೊರಗಡೆ ಕೂರಿಸುತ್ತಾರೆ, ಕೆಂಪು ಹಿಡಿ ಎಲ್ಲರಿಗೂ ಕಾಣುವ ಹಾಗೆ. ಒಳಗೆ ಕೂತವರಿಗೊಂದು ಕೇಬಲ್ಲು ಇರುತ್ತದೆ; ಎಳೆದರೆ ಆಫ್ ಆಗುತ್ತದೆ. ಮತ್ತೆ ಆನ್ ಆಗಬೇಕೆಂದರೆ ಮಾತ್ರ ಹೊರಗಿನಿಂದ ಯಾರಾದರೂ ಕೈಯಾರೆ ತಿರುಗಿಸಬೇಕು.

ಮೇಸ್ತ್ರಿಗೆ ಇದೆಲ್ಲ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ರೇಸಿನ ದಿನ ಬೆಳಿಗ್ಗೆ ತಪಾಸಣೆ ಇರುತ್ತದೆ, ಎಂಜಿನ್ ಓಡುವಾಗ ಸ್ವಿಚ್ಚು ತಿರುಗಿಸಿ ನೋಡುತ್ತಾರೆ, ನಿಲ್ಲದಿದ್ದರೆ ಗಾಡಿಯನ್ನು ಮುಲಾಜಿಲ್ಲದೆ ಮನೆಗೆ ಕಳಿಸುತ್ತಾರೆ ಎಂಬುದೂ ಗೊತ್ತಿತ್ತು. ತಪಾಸಣೆ ಮಾಡುವವನು ಯಾರೆಂಬುದು ಇನ್ನೂ ಚೆನ್ನಾಗಿ ಗೊತ್ತಿತ್ತು. ಒಂದು ಕಾಲಕ್ಕೆ ಅವರ ಅಂಗಡಿಯಲ್ಲೇ ಕೆಲಸ ಕಲಿತವನು. ಈಗ ರೇಸಿನವರೆಲ್ಲ ಅವನನ್ನು ಭೂತಗನ್ನಡಿ ಅನ್ನುತ್ತಿದ್ದರು. ಸ್ವಿಚ್ಚಿನ ಪಕ್ಕದ ಮಿಂಚಿನ ಗುರುತು ಓರೆಯಾಗಿ ಅಂಟಿದ್ದಕ್ಕೆ ಒಬ್ಬನನ್ನು ವಾಪಸ್ ಅಟ್ಟಿದ್ದನಂತೆ.

ಅಲ್ಲಿಗೆ ದಾರಿ ಸಲೀಸಾಯಿತು. ಮಗಳಿಗೆ 'ಬೇಡ' ಅನ್ನುವುದು ಬೇಕಿಲ್ಲ. ಸ್ವಿಚ್ಚನ್ನು ಅರ್ಧ ಜೋಡಿಸಿದರೆ ಸಾಕು, ಭೂತಗನ್ನಡಿಯೇ 'ಬೇಡ' ಅನ್ನುತ್ತಾನೆ. ತಾವು ತಲೆ ಕೆರೆದುಕೊಂಡು, "ಛೆ, ಎಲ್ಲೋ ತಪ್ಪಿಹೋಯ್ತು ಪುಟ್ಟೀ" ಅಂದುಬಿಟ್ಟರಾಯಿತು. ಮುಂದಿನ ರೇಸು ಬರುವ ಹೊತ್ತಿಗೆ ಅವಳ ಮನಸ್ಸು ಬದಲಾದರೂ ಆದೀತು. ಹೆಸರು ಹಾಳಾಗುತ್ತದೆ, ಆಗಲಿ. ಮಗಳ ಜೀವಕ್ಕಿಂತ ಹೆಸರು ಹೆಚ್ಚೇ? ಈ ಯೋಚನೆ ಬಂದಾಗ ಮೇಸ್ತ್ರಿಗೆ ತಮ್ಮ ಬಗ್ಗೆ ತಮಗೇ ಕಣ್ಣು ತೇವವಾಯಿತು.

ಆದರೆ ಕೆಲಸಕ್ಕೆ ಕೂತಾಗ ಕೈ ಮಾತು ಕೇಳಬೇಕಲ್ಲ! ಕೆಟ್ಟ ಕೆಲಸವಾದರೂ ಕೆಟ್ಟದಾಗಿ ಮಾಡಲು ಆ ಕೈಗಳಿಗೆ ಬರಲಿಲ್ಲ. ದಪ್ಪ ಕೇಬಲ್ಲಿನ ಎರಡೂ ತುದಿಗೆ ತಾಮ್ರದ ಲಗ್ ಬಳೆ ಒತ್ತಿ, ಅದರ ಮೇಲೆ ಕೆಂಪು ಪ್ಲಾಸ್ಟಿಕ್ ತೋಳು ಏರಿಸಿ, ಬಿಸಿಗಾಳಿ ಬಿಟ್ಟು ಬಿಗಿ ಮಾಡಿದರು. ಸಣ್ಣ ಪಿನ್ನುಗಳಿಂದ ನಾಲ್ಕು ಬಣ್ಣದ ನಾಲ್ಕು ತಂತಿ ಹೊರಡಿಸಿ, ಜಡೆ ಹೆಣೆದು, ಗೇಣಿಗೊಂದು ಕಟ್ಟು ಹಾಕಿ, ಡ್ಯಾಶ್‌ಬೋರ್ಡಿನ ಕೆಳಗೆ ಒಯ್ದು ಕಪ್ಪು ತೋಳಿನೊಳಗೆ ನುಗ್ಗಿಸಿದರು. ನೋಡಿದವರು ಬೆರಳು ಕಚ್ಚಬೇಕು, ಹಾಗಿತ್ತು. ತೋಳಿನ ಒಳಗೆ ಮಾತ್ರ ಆ ನಾಲ್ಕೂ ತಂತಿಗಳು ಟೇಪು ಸುತ್ತಿಕೊಂಡು ಎಲ್ಲಿಗೂ ಸೇರದೆ ಸುಮ್ಮನೆ ಮಲಗಿದ್ದವು. ಕಿಡಿಯ ತಂತಿಯನ್ನು ಮೇಸ್ತ್ರಿ ಮುಟ್ಟಿರಲೇ ಇಲ್ಲ. ರೆಸಿಸ್ಟರನ್ನು ಕಾಗದದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ನೋಡಿದ್ಯೇನಪ್ಪ ಎಲ್ಲ?" ಅಂತ ಮಗಳು ಕೇಳಿದಳು. ಕೆಂಪು ಹಿಡಿಯನ್ನು ತಿರುಗಿಸಿ, ದೀಪ ಹೋಗಿ ಬರುವುದನ್ನು ನೋಡಿ ಮಗುವಿನ ಹಾಗೆ ನಗುತ್ತಿದ್ದಳು.

"ನೋಡ್ದೆ ಕೊಡ್ತೀನಾ?" ಅಂದರು ಮೇಸ್ತ್ರಿ. ಇದು ಪ್ರಶ್ನೆಯೇ ಹೊರತು ಸುಳ್ಳಲ್ಲ ಅಂತ ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಭಾನುವಾರ ಊರಾಚೆಯ ಹಳೇ ವಿಮಾನ ಪಟ್ಟಿಗೆ ಗಾಡಿಯನ್ನು ಟ್ರೇಲರಿನ ಮೇಲೆ ಹೇರಿಕೊಂಡು ಹೋದರು. ನರ್ಸಮ್ಮನೂ ಹೊರಟರು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಬ್ರೆಡ್ಡು, ಆಸ್ಪತ್ರೆಯಿಂದ ತಂದ ಬ್ಯಾಂಡೇಜು, ಪಟ್ಟಿ, ಕತ್ತರಿ. "ಬರಲ್ಲ ಅಂದಿದ್ಯಲ್ಲೇ?" ಅಂತ ಮೇಸ್ತ್ರಿ ಕೇಳಿದ್ದಕ್ಕೆ, "ಜಗಳ ಮುಗೀತಲ್ಲ, ಇನ್ನು ಬರ್ದೆ ಏನು ಮಾಡ್ಲಿ?" ಅಂದರು.

ಸಿಮೆಂಟಿನ ಬಯಲಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲ ಬಾನೆಟ್ಟುಗಳೂ ಬಾಯಿ ತೆರೆದಿದ್ದವು. ಭೂತಗನ್ನಡಿ ಕೊರಳಿಗೆ ಟಾರ್ಚು ನೇತುಹಾಕಿಕೊಂಡು ಒಂದೊಂದರ ಹೊಟ್ಟೆಗೂ ಇಳಿದು ಏಳುತ್ತಿದ್ದ. ಒಬ್ಬನ ಬ್ಯಾಟರಿ ಅಲುಗಾಡಿತು, ಕೆಂಪು ಚೀಟಿ. ಇನ್ನೊಬ್ಬನ ಸ್ವಿಚ್ಚು ತಿರುಗಿಸಿದರೆ ಎಂಜಿನ್ ಕೆಮ್ಮಿ ಕೆಮ್ಮಿ ಓಡುತ್ತಲೇ ಇತ್ತು, ಕೆಂಪು ಚೀಟಿ. ಆ ಮನುಷ್ಯ ಕಾಲಿಗೆ ಬೀಳುವುದೊಂದು ಬಾಕಿ. ಭೂತಗನ್ನಡಿ ಜಪ್ಪಯ್ಯ ಅನ್ನಲಿಲ್ಲ. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಇವರ ಗಾಡಿಯ ಸರದಿ ಬಂತು. ಭೂತಗನ್ನಡಿ ಬಾನೆಟ್ಟಿನೊಳಗೆ ಬಗ್ಗಿದ. ಬಗ್ಗಿದವನು ಏಳಲಿಲ್ಲ. ಟಾರ್ಚಿನ ಬೆಳಕು ಜಡೆಯ ಉದ್ದಕ್ಕೂ ಕಟ್ಟಿನಿಂದ ಕಟ್ಟಿಗೆ ನಿಧಾನವಾಗಿ ಸರಿಯಿತು.

"ಇದು ಯಾರ ಕೈ ಅಂತ ಕೇಳೋದೇ ಬೇಡ," ಅಂದ, ತಲೆ ಎತ್ತಿ. "ಮೇಸ್ತ್ರಿ, ಇನ್ನೂ ಹಾಗೇ ಇದೀರಲ್ಲ ನೀವು! ಏಯ್, ಬನ್ರೋ ಎಲ್ಲ ಇಲ್ಲಿ. ವೈರಿಂಗ್ ವೈರಿಂಗ್ ಅಂತೀರಲ್ಲ, ನೋಡಿ, ಇದು ವೈರಿಂಗ್ ಅಂದ್ರೆ!"

ಜನ ಬಂದರು. ಕೆಂಪು ಚೀಟಿ ಸಿಕ್ಕವನೂ ಬಂದ. ಎಲ್ಲರೂ ಮೊಬೈಲ್ ತೆಗೆದು, ಎಲ್ಲಿಗೂ ಸೇರದ ಆ ನಾಲ್ಕು ತಂತಿಗಳ ಫೋಟೋ ಹೊಡೆದುಕೊಂಡರು. ಮಗಳು ಹೆಮ್ಮೆಯಿಂದ ಬೀಗುತ್ತ ಅಪ್ಪನ ಪಕ್ಕಕ್ಕೆ ಬಂದು ನಿಂತಳು.

ಭೂತಗನ್ನಡಿ ದೀಪ ಹಾಕಿಸಿ ಕೆಂಪು ಹಿಡಿ ತಿರುಗಿಸಿದ. ದೀಪ ಆರಿತು. "ಆಯ್ತು" ಅಂದ.

"ಸ್ಟಾರ್ಟ್ ಮಾಡಿ ತೋರಿಸ್ಲಾ ಸರ್?" ಅಂತ ಮಗಳು ಬಾಗಿಲಿಗೆ ಕೈ ಹಾಕಿದಳು.

"ಬೇಡಮ್ಮ. ಇವರ ಕೆಲಸಾನ ನಾನು ಪರೀಕ್ಷೆ ಮಾಡೋದಾ? ಕೈ ಬಿದ್ದೋಗುತ್ತೆ ನಂದು."

ಮೇಸ್ತ್ರಿ ಅವನ ಹೆಗಲು ಹಿಡಿದರು. "ಅಲ್ಲಯ್ಯ," ಅಂದರು, "ಎಲ್ಲರಿಗೂ ಮಾಡಿದ ಹಾಗೆ ನಮಗೂ ಮಾಡ್ಬಿಡು. ಸ್ಟಾರ್ಟ್ ಮಾಡಿಸಿ ನೋಡು."

"ನೋಡಿದ್ರೇನ್ರೋ?" ಅಂತ ಭೂತಗನ್ನಡಿ ಸುತ್ತ ನಿಂತವರ ಕಡೆ ತಿರುಗಿದ. "ದೊಡ್ಡ ಮನುಷ್ಯರು ಅಂದ್ರೆ ಹೀಗಿರ್ಬೇಕು." ಗಾಜಿನ ಮೇಲೆ ಹಸಿರು ಚೀಟಿ ಅಂಟಿಸಿ, ಅಂಗೈಯಿಂದ ಸವರಿ, ಮುಂದಿನ ಗಾಡಿಗೆ ಹೋದ. ಆ ಗಾಡಿಯವನಿಗೆ ಒಂದು ಬೋಲ್ಟಿನ ವಿಷಯಕ್ಕೆ ಮಂಗಳಾರತಿ ಶುರುವಾಯಿತು.

ಮೇಸ್ತ್ರಿ ಟ್ರೇಲರಿನ ಅಂಚಿನ ಮೇಲೆ ಕೂತರು. ಹಾಳು ಕಟ್ಟು, ಹಾಳು ಜಡೆ! ತಂತಿಗಳನ್ನು ಬೇಕಾಬಿಟ್ಟಿ ತುರುಕಿದ್ದರೆ ಅವನು ಬಾನೆಟ್ಟಿನಲ್ಲೇ ಹಿಡಿಯುತ್ತಿದ್ದ. ಒಂದೇ ಒಂದು ಕಟ್ಟು ಸೊಟ್ಟ ಹಾಕಿದ್ದರೂ ಅನುಮಾನ ಬರುತ್ತಿತ್ತು. ಈಗ ನೋಡಿದರೆ, ಹಸಿರು ಚೀಟಿ ಅಂಟಿದ ಇಷ್ಟು ಗಾಡಿಗಳಲ್ಲಿ ಕೈ ಹಾಕಿದರೆ ನಿಲ್ಲದ ಗಾಡಿ ಒಂದೇ ಒಂದು, ಅದರೊಳಗೆ ಕೂರುವವಳು ತಮ್ಮ ಮಗಳು. ಮಗುಚಿಬಿದ್ದರೆ, ಪೆಟ್ರೋಲು ಸೋರಿದರೆ, ಯಾರೋ ಓಡಿಬಂದು ಆ ಕೆಂಪು ಹಿಡಿಯನ್ನು ತಿರುಗಿಸುತ್ತಾರೆ. ಎಂಜಿನ್ ಓಡುತ್ತಲೇ ಇರುತ್ತದೆ, ಕಿಡಿ ಹಾರುತ್ತಲೇ ಇರುತ್ತದೆ. ಮೇಸ್ತ್ರಿಯ ಕೈ ಎದೆಯ ಮೇಲಿನ ಜೇಬಿಗೆ ಹೋಯಿತು. ರೆಸಿಸ್ಟರ್ ಅಲ್ಲೇ ಇತ್ತು. ಕೈ ತೆಗೆದರು. ಮತ್ತೆ ಮುಟ್ಟಿಕೊಂಡರು.

ಹೇಳಿಬಿಡಬೇಕು. ಆದರೆ ಹೇಗೆ? ತಪ್ಪಾಯಿತು ಅಂದರೆ, ಮೇಸ್ತ್ರಿಗೆ ಇಂಥ ತಪ್ಪು ಆಗುತ್ತದೆಂದು ಯಾರು ನಂಬುತ್ತಾರೆ? ತೋಳು ಬಿಚ್ಚಿದರೆ ಟೇಪು ಸುತ್ತಿದ ತುದಿಗಳು ಸಾರಿ ಸಾರಿ ಹೇಳುತ್ತವೆ, ಇದು ಬೇಕೆಂದೇ ಮಾಡಿದ್ದು ಅಂತ. ಟೇಪನ್ನಾದರೂ ಸುತ್ತದೆ ಬಿಟ್ಟಿದ್ದರೆ! ಅದನ್ನೂ ಎಷ್ಟು ಒಪ್ಪವಾಗಿ ಸುತ್ತಿದ್ದರು.

"ರೀ." ನರ್ಸಮ್ಮ ಎದುರಿಗೆ ನಿಂತಿದ್ದರು. ಚಹಾದ ಲೋಟ ಕೈಯಲ್ಲೇ ಇತ್ತು, ಕಣ್ಣು ಗಂಡನ ಎದೆಯ ಮೇಲಿತ್ತು. "ಬೆಳಿಗ್ಗೆಯಿಂದ ನೋಡ್ತಾ ಇದೀನಿ. ಯಾಕೆ ಎದೆ ಮುಟ್ಕೊತಾ ಇದೀರಿ? ನೋಯ್ತಿದ್ಯಾ?"

"ಏನಿಲ್ವೇ."

"ಬೆವರ್ತಾ ಇದೀರಿ. ಎಡಗೈ ಜೋಮು ಹಿಡಿದಿದ್ಯಾ? ಸುಳ್ಳು ಹೇಳ್ಬೇಡಿ. ಆಂಬುಲೆನ್ಸ್ ಇಲ್ಲೇ ಇದೆ. ರೇಸು ಗೀಸು ಎಲ್ಲ ಆಮೇಲೆ, ನಡೀರಿ ಮೊದಲು."

ಮೇಸ್ತ್ರಿ ತಲೆ ಎತ್ತಿದರು. ಅಬ್ಬಾ, ಎಂಥ ದಾರಿ ತಾನಾಗಿ ತೆರೆದುಕೊಂಡಿತು! ಹೌದು ಅನ್ನುವುದೂ ಬೇಡ, ಎದೆ ಒತ್ತಿಕೊಂಡು ಒಂದು ಸಲ ನರಳಿದರೆ ಸಾಕು. ರೇಸು ನಿಲ್ಲುತ್ತದೆ, ಮಗಳು ಉಳಿಯುತ್ತಾಳೆ, ಹೆಸರೂ ಉಳಿಯುತ್ತದೆ. ಗಾಡಿ ಮನೆಗೆ ಬಂದಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ ತಂತಿ ಸೇರಿಸಿಬಿಡಬಹುದು. ಮೇಸ್ತ್ರಿ ಬಾಯಿ ತೆರೆದರು. ನರಳಿಕೆ ಗಂಟಲವರೆಗೆ ಬಂದಿತ್ತು.

ಅಷ್ಟರಲ್ಲಿ ಹೆಲ್ಮೆಟ್ಟು ನೆಲಕ್ಕಿಟ್ಟ ಸದ್ದಾಯಿತು. ಮಗಳು ಅಮ್ಮನ ಮಾತು ಕೇಳಿಸಿಕೊಂಡಿದ್ದಳು. ಆಗಲೇ ಕೈಗವಸು ಕಿತ್ತು, ರೇಸಿನ ಅಂಗಿಯ ಜಿಪ್ಪು ಎಳೆಯುತ್ತ ಓಡಿಬಂದಳು.

"ಅಮ್ಮ, ನೀನು ಅಪ್ಪನ್ನ ಹಿಡ್ಕೊ, ನಾನು ಆಂಬುಲೆನ್ಸ್‌ನವರಿಗೆ ಹೇಳ್ತೀನಿ. ರೇಸ್ ಹಾಳಾಗ್ಲಿ. ಅಪ್ಪ, ಮಾತಾಡ್ಬೇಡ, ಉಸಿರು ಎಳ್ಕೊ, ಮೆತ್ತಗೆ, ಮೆತ್ತಗೆ ಅಂದೆ."

ಎಷ್ಟೋ ತಿಂಗಳಿನಿಂದ ಊಟ ನಿದ್ದೆ ಬಿಟ್ಟು ಕಾದಿದ್ದ ದಿನವನ್ನು ಅವಳು ಹೆಲ್ಮೆಟ್ಟಿನ ಜೊತೆಗೇ ನೆಲಕ್ಕಿಟ್ಟು ಬಂದಿದ್ದಳು. ಒಂದು ಚಣವೂ ಯೋಚಿಸಿರಲಿಲ್ಲ. ಅವಳ ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಆ ಮುಖ ನೋಡಿ ಮೇಸ್ತ್ರಿಗೆ ತಮ್ಮ ಮೇಲೇ ಹೇಸಿಗೆಯಾಯಿತು. ನರಳಿಕೆಯನ್ನು ನುಂಗಿಕೊಂಡರು.

"ಎದೆ ಅಲ್ಲ ಕಣ್ರೇ," ಅಂದರು. "ಜೇಬು."

ಕಾಗದದ ಪೊಟ್ಟಣ ತೆಗೆದು ಮಗಳ ಅಂಗೈಗೆ ಹಾಕಿದರು. ಅವಳು ಬಿಚ್ಚಿ ನೋಡಿದಳು. ಅಂಗಡಿಯಲ್ಲೇ ಆಡಿ ಬೆಳೆದವಳು, ಬಿಡಿಸಿ ಹೇಳಬೇಕಾಗಿರಲಿಲ್ಲ. ರೆಸಿಸ್ಟರನ್ನು ನೋಡಿದಳು, ಗಾಡಿಯನ್ನು ನೋಡಿದಳು. ಹೋಗಿ ಸ್ಟಾರ್ಟ್ ಮಾಡಿದಳು. ಹೊರಗೆ ಬಂದು ಕೆಂಪು ಹಿಡಿಯನ್ನು ತಿರುಗಿಸಿದಳು. ಎಂಜಿನ್ ಏನೂ ಆಗದವರ ಹಾಗೆ ಓಡುತ್ತಲೇ ಇತ್ತು. ಫೋಟೋ ಹೊಡೆದುಕೊಂಡವರೆಲ್ಲ ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಭೂತಗನ್ನಡಿ ಬೋಲ್ಟಿನ ಜಗಳ ಅರ್ಧಕ್ಕೇ ಬಿಟ್ಟು ಬಂದು, ಓಡುವ ಎಂಜಿನ್ನನ್ನೂ ತಿರುಗಿದ ಹಿಡಿಯನ್ನೂ ನೋಡಿ, ದೆವ್ವ ಕಂಡವನ ಹಾಗೆ ನಿಂತುಬಿಟ್ಟ.

ಮಗಳು ಒಳಗೆ ಕೈ ಹಾಕಿ ಕೀ ತಿರುಗಿಸಿದಳು. ಎಂಜಿನ್ ನಿಂತಿತು.

"ಮರೆತದ್ದಲ್ಲ ಅಲ್ವಾ?" ಅಂದಳು.

"ಅಲ್ಲ."

"ಇವನು ಹಿಡೀತಾನೆ, ನನ್ನ ಮನೆಗೆ ಕಳಿಸ್ತಾನೆ ಅಂತ."

ಮೇಸ್ತ್ರಿ ತಲೆಯಾಡಿಸಿದರು.

"ಹೋಗ್ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತಪ್ಪ ನಿಂಗೆ? ಬಾಯಿ ಇರ್ಲಿಲ್ವಾ?"

"ಹೇಳಿದ್ರೆ ಬಿಡ್ತಿದ್ಯಾ?"

"ಬಿಡ್ತಿರ್ಲಿಲ್ಲ! ಜಗಳ ಆಡ್ತಿದ್ದೆ!" ಅವಳ ದನಿ ಒಡೆಯಿತು. "ಅಮ್ಮ ಜಗಳ ಆಡಿದ್ಲು. ಬೈದ್ಲು, ತಟ್ಟೆ ಕುಕ್ಕಿದ್ಲು. ಇವತ್ತು ಫ್ಲಾಸ್ಕು ಹಿಡ್ಕೊಂಡು ಬಂದ್ಲು. ನೀನು ಒಂದು ದಿನಾನೂ ಬೈಲಿಲ್ಲ. ನೀನೊಬ್ನೇ ನನ್ನ ಕಡೆ ಅನ್ಕೊಂಡಿದ್ದೆ ಕಣಪ್ಪ."

ನರ್ಸಮ್ಮ ಚಹಾದ ಲೋಟವನ್ನು ಟ್ರೇಲರಿನ ಮೇಲಿಟ್ಟರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೈಗುಳ ಹುಡುಕುತ್ತಿದ್ದಾರೆ ಅಂತ ಮೇಸ್ತ್ರಿ ಕುಗ್ಗಿದರು. ಆದರೆ ನರ್ಸಮ್ಮ ಭೂತಗನ್ನಡಿಯ ಕಡೆ ತಿರುಗಿ, "ಆ ಟಾರ್ಚು ಕೊಡಪ್ಪ ಇಲ್ಲಿ" ಅಂದರು. ಟಾರ್ಚನ್ನು ಗಂಡನ ಮುಖಕ್ಕೆ ಹಿಡಿದರು. "ಏಳಿ. ಯಾರ ಕೈ ಕೆಲಸ ಅಂತ ನಂಬಿ ಒಪ್ಪಿದ್ನೋ, ಅವರೇ ಸರಿ ಮಾಡ್ಬೇಕು. ಬೈಯೋದು ಮನೆಗೆ ಹೋದ್ಮೇಲೆ ಇದೆ."

ಭೂತಗನ್ನಡಿ ಹಸಿರು ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತ. ಕಿತ್ತದ್ದು ಅರ್ಧ ಬಂತು, ಅರ್ಧ ಗಾಜಿಗೇ ಉಳಿಯಿತು. "ಗಾಡಿಗಳನ್ನ ಸಾಲಿಗೆ ಬಿಡೋಕೆ ಇನ್ನೂ ಟೈಮಿದೆ ಮೇಸ್ತ್ರಿ," ಅಂದ. ಪರೀಕ್ಷೆ ಮಾಡದೆ ಚೀಟಿ ಅಂಟಿಸಿದ ಅವಮಾನ ಅವನ ಕಿವಿಯವರೆಗೆ ಏರಿತ್ತು.

ಮೇಸ್ತ್ರಿ ಡ್ಯಾಶ್‌ಬೋರ್ಡಿನ ಕೆಳಗೆ ಬೆನ್ನು ಹಾಸಿ ಮಲಗಿದರು. ಎರಡನೇ ಬ್ರೇಕು ಇದ್ದ ಜಾಗದಲ್ಲೇ ತಲೆ ಇಡಬೇಕಾಯಿತು. ಬೋಲ್ಟು ಬಿಚ್ಚಿದ ತೂತುಗಳು ಕಿವಿಯ ಪಕ್ಕದಲ್ಲಿದ್ದವು. ಹೆಂಡತಿ ಟಾರ್ಚು ಹಿಡಿದರು. ಮಗಳು ಒಂದೊಂದೇ ಸಾಮಾನು ಕೈಗೆ ಕೊಟ್ಟಳು, ಮುಖ ಮಾತ್ರ ಬೇರೆ ಕಡೆ ತಿರುಗಿತ್ತು. ಟೇಪು ಕಿತ್ತರು. ಕಿಡಿಯ ತಂತಿಯನ್ನು ಕತ್ತರಿಸಿ, ಎರಡು ತುದಿಗಳನ್ನು ಎರಡು ತಂತಿಗಳಿಗೆ ಸೇರಿಸಿದರು. ರೆಸಿಸ್ಟರನ್ನು ಅದರ ಜಾಗಕ್ಕೆ ಕೂರಿಸಿ, ಕೊನೆಯ ತಂತಿಯನ್ನು ಗಾಡಿಯ ಮೈಗೆ ಬಿಗಿದರು. ಕಟ್ಟು ಹಾಕುವ ವ್ಯವಧಾನ ಇರಲಿಲ್ಲ. ತಂತಿಗಳನ್ನು ಹೇಗೆಂದರೆ ಹಾಗೆ ಮೇಲಕ್ಕೆ ತುರುಕಿದರು. ಜೀವನದಲ್ಲಿ ಅಷ್ಟು ಗಲೀಜು ಕೆಲಸವನ್ನು ಅವರು ಮಾಡಿರಲಿಲ್ಲ.

ಭೂತಗನ್ನಡಿ ಬಗ್ಗಿ ನೋಡಿ ಮುಖ ಕಿವುಚಿದ. ಆದರೆ ಈ ಸಲ ಸ್ಟಾರ್ಟ್ ಮಾಡಿಸಿದ. ಹಿಡಿ ತಿರುಗಿಸಿದ. ಎಂಜಿನ್ ಗಪ್ಪೆಂದಿತು. ಮತ್ತೆ ಸ್ಟಾರ್ಟ್ ಮಾಡಿಸಿದ, ಮತ್ತೆ ತಿರುಗಿಸಿದ. ಮಗಳಿಗೆ ಒಳಗಿನ ಕೇಬಲ್ಲು ಎಳೆಯಲು ಹೇಳಿದ. ಆಗಲೂ ನಿಂತಿತು. ಹರಿದ ಹಸಿರು ಚೀಟಿಯ ಮೇಲೆ ಹೊಸ ಚೀಟಿ ಅಂಟಿಸಿದ.

ಗಾಡಿಗಳು ಸಾಲಿಗೆ ಹೊರಟವು. ಮಗಳು ಒಳಗೆ ಕೂತಿದ್ದಳು. ಬೆಲ್ಟುಗಳು ಹೆಗಲು, ಸೊಂಟ ಎಲ್ಲವನ್ನೂ ಸೀಟಿಗೆ ಬಿಗಿದಿದ್ದವು, ಅಲುಗಾಡುವ ಹಾಗಿರಲಿಲ್ಲ. ಕೇಬಲ್ಲು ಎಳೆದು ಪರೀಕ್ಷಿಸಿದ್ದರಿಂದ ಸ್ವಿಚ್ಚು ಆಫ್ ಆಗಿತ್ತು. ಕೆಂಪು ಹಿಡಿ ಗಾಜಿನ ಆಚೆ ಇತ್ತು. ಅವಳ ಕೈಗೆ ಎಟಕುವಂತಿರಲಿಲ್ಲ.

"ಅಪ್ಪ," ಅಂದಳು, ಮುಂದೆ ನೋಡುತ್ತಲೇ. "ಆನ್ ಮಾಡು."

ಮೇಸ್ತ್ರಿ ಹಿಡಿಯ ಮೇಲೆ ಕೈ ಇಟ್ಟರು. ಅಲ್ಲಿ ಭೂತಗನ್ನಡಿ ಇದ್ದ, ಅಮ್ಮ ಇದ್ದರು, ಹಾದುಹೋಗುವವರೂ ಇದ್ದರು. ಯಾರು ತಿರುಗಿಸಿದರೂ ಆಗುತ್ತಿತ್ತು. ಅವಳು ಕೇಳಿದ್ದು ಅಪ್ಪನನ್ನು.

"ಪುಟ್ಟೀ," ಅಂದರು. "ನಂಗಿಷ್ಟ ಇಲ್ಲ ಕಣೇ. ನೀನು ಹೋಗೋದು ಬೇಡ. ನಂಗೆ ಹೆದರಿಕೆ ಆಗುತ್ತೆ. ಬೇಡ."

ಅವಳು ಆಗ ತಿರುಗಿ ನೋಡಿದಳು. ಹೆಲ್ಮೆಟ್ಟಿನೊಳಗೆ ಕಣ್ಣುಗಳಷ್ಟೇ ಕಾಣುತ್ತಿದ್ದವು, ಅವು ತುಂಬಿದ್ದವು.

"ಗೊತ್ತಾಯ್ತಪ್ಪ," ಅಂದಳು. "ಈಗ ಆನ್ ಮಾಡು."

ಮೇಸ್ತ್ರಿ ತಿರುಗಿಸಿದರು. ಹಿಡಿ ಕಟಕ್ ಅಂತು. ಎಂಜಿನ್ ಹತ್ತಿಕೊಂಡಿತು. ಗಾಡಿ ಸಾಲಿಗೆ ಸೇರಿತು, ಬಾವುಟ ಬಿತ್ತು. ಊರಿಗೆಲ್ಲ ಮೆತ್ತಗೆ ಹೋಗುವುದನ್ನು ಕಲಿಸಿದ್ದ ಗಾಡಿ ಸಿಮೆಂಟಿನ ಮೇಲೆ ಚೀರಿಕೊಂಡು ಹೊರಟು, ಮೊದಲ ತಿರುವಿನ ಧೂಳಿನಲ್ಲಿ ಮರೆಯಾಯಿತು.

ಮೇಸ್ತ್ರಿಯ ಕೈ ತಾನಾಗಿ ಎದೆಗೆ ಹೋಯಿತು. ಜೇಬು ಖಾಲಿಯಾಗಿತ್ತು. ಆದರೂ ಕೈ ತೆಗೆಯಲಾಗಲಿಲ್ಲ. ನರ್ಸಮ್ಮ ಪಕ್ಕಕ್ಕೆ ಬಂದು, ಈ ಸಲ ಏನೂ ಕೇಳದೆ, ಅವರ ಇನ್ನೊಂದು ಕೈಯ ಮಣಿಕಟ್ಟು ಹಿಡಿದು ನಾಡಿಯ ಮೇಲೆ ಬೆರಳಿಟ್ಟರು. ಗಾಡಿ ಸುತ್ತು ಮುಗಿಸಿ ಮತ್ತೆ ಕಣ್ಣಿಗೆ ಬೀಳುವವರೆಗೂ ಬಿಡಲಿಲ್ಲ.